ಉಕ್ಕಿನ ಟೊಪ್ಪಿಗೆಯ ಒಳಗಿನ ಹೆಸರು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯ ನನಗೆ ಮೊದಲಿನಿಂದಲೂ ಕಡಿಮೆ. ಧಾರವಾಡದ ಸಾಲೆಯಲ್ಲಿ ಇತಿಹಾಸ ಕಲಿಸುವವನಿಗೆ ಈ ದೋಷ ಉಪಯೋಗಕ್ಕೇ ಬರುತ್ತದೆನ್ನಿ. ಅದರ ಮೇಲೆ, ಸಿಪಾಯಿಗಳ ಉಕ್ಕಿನ ಟೊಪ್ಪಿಗೆಗಳನ್ನು ಕೂಡಿಹಾಕುವ ಹುಚ್ಚು ಬೇರೆ. ಅವುಗಳಲ್ಲೊಂದರಲ್ಲಿ ನನ್ನ ಹೆಂಡತಿ ಸೆಗಣಿ ಹೊತ್ತು, ಗಟ್ಟಿಯಾಗಿದೆ ಎಂದು ಮೆಚ್ಚಿಕೊಂಡಿದ್ದಳು.

ಟೊಪ್ಪಿಗೆಯ ವಯಸ್ಸು ಹೇಳುವುದು ಅದರ ಬಿಡಿಭಾಗಗಳಿಂದ. ಮೊದಲ ಮಹಾಯುದ್ಧದ್ದಾದರೆ ಗದ್ದದ ಪಟ್ಟಿ ಚರ್ಮದ್ದು. ಈಗ ನಡೆದಿರುವ ಎರಡನೆಯ ಮಹಾಯುದ್ಧದ್ದಾದರೆ ಪಟ್ಟಿ ದಪ್ಪ ಬಟ್ಟೆಯದು, ಎರಡೂ ಬದಿಗೆ ಸ್ಪ್ರಿಂಗು. ಇಷ್ಟನ್ನು ಒಬ್ಬ ನಿವೃತ್ತ ಹವಾಲ್ದಾರರಿಂದ ಕಲಿತು ಊರೆಲ್ಲ ಪಂಡಿತನಂತೆ ಮೆರೆಯುತ್ತಿದ್ದೆ.

ಹುಬ್ಬಳ್ಳಿಯ ಗುಜರಿ ವ್ಯಾಪಾರಿ ಇಮಾಮಸಾಬರು ನನಗೆ ಇಂಥ ಸಾಮಾನು ತೆಗೆದಿಡುತ್ತಿದ್ದರು. ಅವರ ತಮ್ಮ ಹುಸೇನ ಮೋಟಾರು ನಡೆಸಲು ಫೌಜಿಗೆ ಸೇರಿದ್ದ. ಐದು ತಿಂಗಳಿಂದ ಅವನ ಕಾಗದವಿರಲಿಲ್ಲ. ಒಂದು ಮುಂಜಾನೆ ಇಮಾಮಸಾಬರೇ ನಮ್ಮ ಮನೆಗೆ ಬಂದು, ಕರವಸ್ತ್ರದ ಗಂಟು ಬಿಚ್ಚಿದರು. ಮಿಲಿಟರಿ ಗುಜರಿಯಲ್ಲಿ ಸಿಕ್ಕ ಟೊಪ್ಪಿಗೆಯ ಒಳ ಅಸ್ತರು ಮತ್ತು ಗದ್ದದ ಪಟ್ಟಿ. ಅಸ್ತರಿನ ಮೇಲೆ ಶಾಯಿಯ ಉರ್ದು ಅಕ್ಷರ. 'ಹುಸೇನ' ಎಂದು ಅವರೇ ಓದಿ ಹೇಳಿದರು.

"ಮಾಸ್ತರ್ರ, ಇದು ಯಾವ ಲಡಾಯಿದು ಹೇಳ್ರಿ. ಹಳೇದೋ, ಈಗಿನದೋ?"

ಪಟ್ಟಿ ಚರ್ಮದ್ದೇ ಇತ್ತು. ಹಳೆಯದು, ನಿಮ್ಮ ತಮ್ಮನದಲ್ಲ ಎಂದುಬಿಟ್ಟೆ. ಅವರು ಹೋದ ಮೇಲೆ ಹವಾಲ್ದಾರರ ಇನ್ನೊಂದು ಮಾತು ನೆನಪಾಯಿತು. ಉಗ್ರಾಣದಲ್ಲಿ ಉಳಿದ ಹಳೆಯ ಟೊಪ್ಪಿಗೆಗಳನ್ನು ಹೊಸ ಸಿಪಾಯಿಗಳಿಗೂ ಕೊಡುತ್ತಾರಂತೆ. ಅಂದರೆ ಪಟ್ಟಿಯ ವಯಸ್ಸು ನನಗೆ ಗೊತ್ತು, ಅದನ್ನು ಕಟ್ಟಿಕೊಂಡ ಗದ್ದ ಯಾರದೆಂದು ಗೊತ್ತಿಲ್ಲ.

ನಾಲ್ಕು ದಿನ ಅನ್ನ ಸೇರಲಿಲ್ಲ. ವರ್ಗದಲ್ಲಿ ಪಾಣಿಪತ್ತಿನ ಯುದ್ಧ ಹೇಳುತ್ತ ಸತ್ತವರ ಲೆಕ್ಕಕ್ಕೆ ಬಂದಾಗ ಪುಸ್ತಕ ಮುಚ್ಚಿಬಿಟ್ಟೆ. ಐದನೆಯ ದಿನ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ಅವರ ಅಂಗಡಿಯಲ್ಲಿ ನಿಂತು ಎಲ್ಲ ಒಪ್ಪಿಕೊಂಡೆ.

ಇಮಾಮಸಾಬರು ತಕ್ಕಡಿ ಕೆಳಗಿಟ್ಟರು. "ನನಗ ಅವತ್ತೇ ಗೊತ್ತಾತ್ರಿ. ನೀವು ಪಟ್ಟಿ ನೋಡಿ ಹೇಳಲಿಲ್ಲ, ನನ್ನ ಮಾರಿ ನೋಡಿ ಹೇಳಿದ್ರಿ. ಆದ್ರ ನಮ್ಮ ಅಮ್ಮಾಗ ನಿಮ್ಮ ಮಾತ ಹೇಳೇನಿ. ಎರಡ ದಿವಸದ ಮ್ಯಾಲ ಆಕಿ ರೊಟ್ಟಿ ಮುರದ್ಲು. ಈಗ ಅದನ್ನ ವಾಪಸ್ ತಗೋಬ್ಯಾಡ್ರಿ."

ತಿಂಗಳ ಮೇಲೆ ಕಾಗದ ಬಂತು. ಹುಸೇನ ಮಲೇರಿಯಾ ಆಗಿ ಆಸ್ಪತ್ರೆಯಲ್ಲಿದ್ದನಂತೆ, ಅವನ ಟೊಪ್ಪಿಗೆ ಅವನ ಹತ್ತಿರವೇ ಇದೆಯಂತೆ. ಇಮಾಮಸಾಬರ ತಾಯಿ ನನಗೆ ಒಂದು ಡಬ್ಬಿ ಶಾವಿಗೆ-ಹಾಲಿನ ಶೀರಖುರ್ಮಾ ಕಳಿಸಿದರು, ದೊಡ್ಡ ಪಂಡಿತರೆಂದು ಹರಸಿದರು. ಹೊಗಳಿಕೆಯನ್ನು ಬೇಡವೆನ್ನುವ ಅಭ್ಯಾಸ ನನಗಿಲ್ಲ. ಆದರೂ ಎರಡು ಚಮಚ ಉಂಡು ಕೈ ನಿಂತಿತು. ಅಸ್ತರಿನ ಮೇಲೆ ತನ್ನ ಹೆಸರು ಬರೆದವನು ಇನ್ನೊಬ್ಬ ಹುಸೇನನಷ್ಟೆ. ಅವನಿಗೂ ಯಾವುದೋ ಊರಲ್ಲಿ ರೊಟ್ಟಿ ಮುಟ್ಟದೆ ಕುಳಿತ ತಾಯಿ ಇದ್ದಿರಬೇಕು. ಅವಳ ಬಾಗಿಲಿಗೂ ನನ್ನಂಥ ಅರೆಬರೆ ಪಂಡಿತನೊಬ್ಬ ಹೋಗಿರಲಿ ಎಂದುಕೊಂಡೆ.