ಕ್ರೊಯೇಷಿಯಾಕ್ಕೆ ಕುಮುದಾ ಕೊಟ್ಟ ಅಂಕ

ದಾವಣಗೆರೆಯ ಕುಮುದಾ ಹಿರೋಷಿಮಾದ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ವಿಷಯ ಕೇಳಿದವರು ಹುಬ್ಬೇರಿಸುತ್ತಾರೆ. ಐರೋಪ್ಯ ಒಕ್ಕೂಟದ ಮಂಡಳಿಯ ಅಧ್ಯಕ್ಷತೆ ಆರು ತಿಂಗಳಿಗೊಮ್ಮೆ ಒಂದು ದೇಶದಿಂದ ಇನ್ನೊಂದಕ್ಕೆ ದಾಟುತ್ತದೆ. 2020ರ ಮೊದಲ ಆರು ತಿಂಗಳು ಅದು ಕ್ರೊಯೇಷಿಯಾದ ಕೈಯಲ್ಲಿತ್ತು. ಆ ಪುಟ್ಟ ದೇಶದ ಮೊದಲ ಸರದಿ. ಅಷ್ಟರಲ್ಲಿ ಕೊರೋನಾ ಬಂತು. ಮಾರ್ಚಿನಲ್ಲಿ ರಾಜಧಾನಿ ಜಾಗ್ರೆಬ್‌ನಲ್ಲಿ ಭೂಕಂಪವೂ ಆಯಿತು. ಅಂಥ ಹೊತ್ತಿನಲ್ಲಿ ಅದು ಮುಂದಾಳ್ತನವನ್ನು ಹೇಗೆ ನಿಭಾಯಿಸಿತು ಎಂದು ಅಳೆಯುವುದೇ ಅವಳ ಕೆಲಸ.

"ಆರ್ ತಿಂಗ್ಳಿಗೊಬ್ರು ಯಜಮಾನ್ರು ಚೇಂಜ್ ಆದ್ರೆ ಸಂಸಾರ ನಡ್ಯುತ್ತೇನೇ?" ಬೀದಿ ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಅನ್ನದುಂಡೆಯ ಹೊದಿಕೆ ಬಿಚ್ಚುತ್ತಾ ಗಂಡ ಹೃಷಿಕೇಶ ಕೇಳಿದ. ಅವನು ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್.

"ನಂಗೂ ಅದೇ ಗೊತ್ತಾಗ್ಬೇಕಾಗಿರೋದು."

ಎಷ್ಟು ಸಭೆ ನಡೆದವು, ಎಷ್ಟು ರದ್ದಾದವು, ಎಷ್ಟು ಕಡತ ಇತ್ಯರ್ಥವಾದವು ಎಂದೆಲ್ಲ ಲೆಕ್ಕ ಹಾಕಿ ಅವಳು ಕ್ರೊಯೇಷಿಯಾಕ್ಕೆ ಕಡಿಮೆ ಅಂಕ ಕೊಟ್ಟಳು. ಆದರೂ ಏನೋ ಬಿಟ್ಟುಹೋಗಿದೆ ಎನ್ನಿಸುತ್ತಿತ್ತು. ಆ ಆರು ತಿಂಗಳು ಕ್ರೊಯೇಷಿಯಾದ ಪರವಾಗಿ ಸಭೆಗಳನ್ನು ಹೊಂದಿಸುತ್ತಿದ್ದ ಯಾಸ್ನಾ ಎಂಬ ನಿವೃತ್ತ ಅಧಿಕಾರಿಯ ವಿಳಾಸ ಸಿಕ್ಕಿತು. ಒಂದು ಸಂಜೆ ಇಬ್ಬರೂ ವಿಡಿಯೊದಲ್ಲಿ ಕೂತರು; ಯಾಸ್ನಾಗೆ ಅದು ಬೆಳಗಿನ ಕಾಫಿಯ ಹೊತ್ತು.

"ಮನೆಯ ಗೋಡೆ ಬಿರುಕು ಬಿಟ್ಟಿತ್ತು. ಹನ್ನೊಂದು ದಿನ ಕಾರಿನಲ್ಲಿ ಕೂತೇ ಕೆಲಸ ಮಾಡಿದೆ," ಎಂದರು ಯಾಸ್ನಾ. "ವಿಡಿಯೊ ಸಭೆಯಲ್ಲಿ ಯಾರೂ ಮನಸ್ಸು ಬಿಚ್ಚಿ ಮಾತಾಡುತ್ತಿರಲಿಲ್ಲ. ಅದಕ್ಕೇ ಮೊದಲೇ ಒಂದೊಂದು ರಾಜಧಾನಿಗೂ ಫೋನ್ ಮಾಡಿ, ಯಾರಿಗೆ ಯಾವುದು ಒಪ್ಪಿಗೆಯಿಲ್ಲ ಅಂತ ಕೇಳುತ್ತಿದ್ದೆ."

"ಅದನ್ನು ಎಲ್ಲಾದರೂ ಬರೆದಿಟ್ಟಿದ್ದೀರಾ?"

ಯಾಸ್ನಾ ನಕ್ಕರು. "ಬರೆದಿಟ್ಟಿದ್ದರೆ ಅವರು ನಿಜ ಹೇಳುತ್ತಿದ್ದರೇ?"

ಕುಮುದಾ ಮರುದಿನವೇ ಮಾರ್ಗದರ್ಶಕ ನಿಶಿಮುರಾ ಅವರ ಕೋಣೆಗೆ ಓಡಿದಳು. ಅವರು ಎಲ್ಲವನ್ನೂ ಕೇಳಿ, "ಕುಮುದಾ-ಸಾನ್, ನಾನು ಚೆನ್ನಾಗಿ ಕೆಲಸ ಮಾಡಿದೆ ಅಂತ ಯಾರು ತಾನೇ ಹೇಳುವುದಿಲ್ಲ? ಆ ಕಡೆ ಫೋನ್ ಎತ್ತಿದವರನ್ನು ಕೇಳಿ," ಎಂದರು.

ಅವಳ ಮುಖ ಸಪ್ಪಗಾಯಿತು. ಆದರೆ ಮಾತು ಸರಿಯಿತ್ತು. ಬೇರೆ ದೇಶಗಳ ಅಧಿಕಾರಿಗಳನ್ನು ಎರಡು ತಿಂಗಳು ಹುಡುಕಿ ಬರೆದ ಪತ್ರಗಳಿಗೆ ನಾಲ್ವರು ಉತ್ತರಿಸಿದರು. ಇಬ್ಬರಿಗೆ ಕರೆಗಳು ನೆನಪಿದ್ದವು. ಒಬ್ಬರಿಗಂತೂ ಕಾರಿನ ಗಾಜಿನ ಮೇಲೆ ಆಲಿಕಲ್ಲು ಬಿದ್ದ ಸದ್ದೂ ನೆನಪಿತ್ತು. ಮೂರನೆಯವರಿಗೆ ಏನೂ ನೆನಪಿರಲಿಲ್ಲ. ನಾಲ್ಕನೆಯವರದು ಇನ್ನೊಂದು ಚಿಕ್ಕ ದೇಶ. "ನಮಗೆ ಫೋನೇ ಬರಲಿಲ್ಲ," ಎಂದು ಒಂದೇ ಸಾಲು ಬರೆದಿದ್ದರು.

ಕುಮುದಾ ಅಳುಕುತ್ತಲೇ ಯಾಸ್ನಾರನ್ನು ಕೇಳಿದಳು. ಅವರು ಕಾಫಿ ಲೋಟ ಕೆಳಗಿಟ್ಟರು.

"ಇರಬಹುದು. ಕೆಲವು ದಿನ ಫೋನಿನ ಚಾರ್ಜ್ ಮುಗಿದುಹೋಗುತ್ತಿತ್ತು. ಪಟ್ಟಿಯ ಕೊನೆಯಲ್ಲಿದ್ದವರು ಉಳಿದುಬಿಡುತ್ತಿದ್ದರು."

ಕುಮುದಾ ಅಂಕವನ್ನು ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಕಾಗದದಲ್ಲಿ ಸಿಗದ ಕೆಲಸದ ಬಗ್ಗೆ ಹೊಸ ಅಧ್ಯಾಯ ಬರೆದು, ನಾಲ್ಕನೆಯವರ ಸಾಲನ್ನೂ ಅದರಲ್ಲಿ ಸೇರಿಸಿದಳು. ನಿಶಿಮುರಾ ಒಪ್ಪಿದರು.

"ಮುಗೀತಲ್ಲ?" ಎಂದ ಹೃಷಿಕೇಶ.

"ಎಲ್ಲಿ ಮುಗೀತು? ಆ ಲಿಸ್ಟ್‌ನಲ್ಲಿ ಯಾರು ಮೊದ್ಲು, ಯಾರು ಕೊನೇಗೆ ಅಂತ ಡಿಸೈಡ್ ಮಾಡಿದ್ದು ಯಾರು?" ಎನ್ನುತ್ತಾ ಅವಳು ಯಾಸ್ನಾಗೆ ಮತ್ತೊಂದು ಪತ್ರ ಬರೆಯತೊಡಗಿದಳು.