ಸೂತಕದಲ್ಲಿ ಹುಟ್ಟಿದ ರಾಣಿ

ಕೋವಿಡ್ ಮುಗಿದ ಮರುವರ್ಷ ನಾನು ಮೀಂಜದಲ್ಲಿ ಜೇನು ಸಾಕಣೆಯ ತರಬೇತಿ ಕೊಡುತ್ತಿದ್ದೆ. ತರಗತಿ ನನ್ನದು, ರಾಣಿ ಜೇನು ಬೆಳೆಸುವ ಕೆಲಸ ನನ್ನ ಗಂಡ ದಾಮೋದರ ಅವರದ್ದು. ರಬ್ಬರ್ ಮರ ಚಿಗುರಿ ಸಿಹಿ ರಸ ಒಸರುವಾಗ ಜೇನು ಸಿಗಬೇಕಾದರೆ ಮಳೆ ಬಿಟ್ಟ ಕೂಡಲೇ ಹೊಸ ರಾಣಿಗಳು ತಯಾರಾಗಬೇಕು.

ಆ ಸಲ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದಿಂದ ಊರಿನ ಪೆಟ್ಟಿಗೆಗಳು ಖಾಲಿಯಾಗಿದ್ದವು. ನಮ್ಮ ಹಿತ್ತಿಲಿನ ಒಂದು ಜೇನು ಕುಟುಂಬ ಮಾತ್ರ ರೋಗ ತಡೆದು ನಿಂತಿತ್ತು. ಅದರ ಎಳೆ ಮರಿಗಳನ್ನು ದಾಮೋದರ ಅವರು ಮೇಣದ ಬಟ್ಟಲುಗಳಿಗೆ ಹಾಕಿ, ರಾಣಿಯಿಲ್ಲದ ಇನ್ನೊಂದು ಪೆಟ್ಟಿಗೆಗೆ ಸಾಕಲು ಕೊಟ್ಟರು. ಇದು ಗ್ರಾಫ್ಟಿಂಗ್. ರಾಣಿ ಹೊರಬರುವ ಮೊದಲು ಬಟ್ಟಲಿನ ಮೇಲೆ ಹುಳಗಳು ಕಟ್ಟಿದ ಪ್ರತಿ ಕೋಶವನ್ನೂ ಬೇರೆ ಬೇರೆ ಪೆಟ್ಟಿಗೆಗೆ ಸೇರಿಸಬೇಕು. ತಡವಾದರೆ ಮೊದಲು ಹುಟ್ಟಿದ್ದು ಉಳಿದವನ್ನು ಕೋಶದೊಳಗೇ ಕೊಲ್ಲುತ್ತದೆ. ರಾಣಿ ದಾಟಲಾಗದ ಸಣ್ಣ ಕಿಂಡಿಯ ಗೇಟನ್ನೂ ಅವರು ಆ ಪೆಟ್ಟಿಗೆಯ ಬಾಗಿಲಿಗೆ ಇಟ್ಟಿದ್ದರು. ಶುಕ್ರವಾರ ಕೋಶ ಬಿಡಿಸುವುದೆಂದಿದ್ದರು.

ಬುಧವಾರ ಸಂಜೆ ಅವರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಗುರುವಾರ, ಶವಸಂಸ್ಕಾರ ಮುಗಿದ ಮೇಲೆ, ಅವರ ಅಣ್ಣನ ಹತ್ತಿರ ಹೋದೆ.

"ಭಾವ, ನಾಳೆ ಪೆಟ್ಟಿಗೆ ತೆರೀಬೇಕು."

"ಸೂತಕದಲ್ಲಿ ಜೇನು ಮುಟ್ಲಿಕ್ಕುಂಟಾ? ಎಲ್ಲ ಬಿಟ್ಟು ಹೋಗ್ತವೆ."

"ನಾನು ಮುಟ್ಟುದಿಲ್ಲ. ನನ್ನ ಹತ್ತಿರ ಕಲಿತ ಬೋವಿಕಾನದ ಲೀಲಕ್ಕ ಬಂದು ಮಾಡ್ತಾರೆ, ಅವರಿಗೆ ಸೂತಕ ಇಲ್ಲ."

"ಯಾರ ಕೈಯಾದ್ರೆ ಎಂತ? ಪೆಟ್ಟಿಗೆ ಈ ಮನೆದಲ್ವಾ?"

ಒಳಗಿನಿಂದ ಚಿಕ್ಕತ್ತೆಯ ದನಿ ಬಂತು: "ಗಂಡ ಹೋದ ಮರುದಿನ ಇವಳಿಗೆ ಹುಳದ ಬಾಣಂತನ ಮಾಡ್ಲಿಕ್ಕುಂಟಂತೆ."

ಸಾವಿನ ಮನೆಯಲ್ಲಿ ಯಾರೋ ನಕ್ಕರು. ಶುಕ್ರವಾರ ಹಿತ್ತಿಲಿಗೆ ಹೋಗುವ ದಾರಿಯಲ್ಲಿ ಭಾವ ಕುರ್ಚಿ ಹಾಕಿ ಕೂತರು.

ಬೊಜ್ಜ, ಅಂದರೆ ಉತ್ತರಕ್ರಿಯೆಗಳೆಲ್ಲ, ಮುಗಿದ ಮೇಲೆ ಹೋಗಿ ನೋಡಿದೆ. ಕೋಶಗಳು ಬದಿಯಲ್ಲಿ ಹರಿದಿದ್ದವು. ಒಂದೇ ರಾಣಿ ಗೇಟಿನೊಳಗೆ ಓಡಾಡುತ್ತಿತ್ತು. ಗೇಟ್ ತೆಗೆದೆ. ರಾಣಿ ಗಂಡು ಹುಳಗಳ ಜೊತೆ ಕೂಡುವುದು ಬಿಸಿಲಿನ ಹೊತ್ತಿನಲ್ಲಿ, ಹೊರಗೆ ಹಾರಾಡುವಾಗ. ಆ ದಿನಗಳಲ್ಲಿ ಮಧ್ಯಾಹ್ನವಾದರೆ ಗುಡುಗು ಮಳೆ. ಕಾಲ ಮೀರಿ, ಕೂಡದೆಯೇ ಮೊಟ್ಟೆಯಿಟ್ಟಿತು. ಅಂಥ ಮೊಟ್ಟೆಯಿಂದ ಗಂಡುಗಳೇ ಹುಟ್ಟುತ್ತವೆ, ದುಡಿಯುವ ಹುಳ ಬರುವುದಿಲ್ಲ.

ರೋಗ ತಡೆದಿದ್ದ ತಾಯಿ ಪೆಟ್ಟಿಗೆಯೂ ಖಾಲಿಯಾಗಿತ್ತು. ಹೂವಿಲ್ಲದ ಕಾಲದಲ್ಲಿ ಸಕ್ಕರೆ ಪಾಕ ಕೊಡುವವರಿಲ್ಲದೆ ಕುಟುಂಬ ಜಾಗ ಬಿಟ್ಟಿತ್ತು. ಭಾವ ಅದರೊಳಗೆ ಇಣುಕಿ, "ನಾನು ಹೇಳ್ಲಿಲ್ವಾ? ಸೂತಕ ತಾಗಿತು," ಎಂದರು.

ನಾನು ಮುಚ್ಚಳ ಹಾಕಿದೆ. ಅವರೂ ತಮ್ಮನನ್ನು ಕಳೆದುಕೊಂಡವರು, ಅದು ನನಗೆ ಗೊತ್ತಿದೆ. ಕ್ಷಮಿಸಲು ಮಾತ್ರ ಇನ್ನೂ ಆಗಿಲ್ಲ.

ಈಗಲೂ ತರಗತಿ ನಡೆಸುತ್ತೇನೆ. ಮರಿ ಎತ್ತುವ ಗ್ರಾಫ್ಟಿಂಗ್ ಸೂಜಿ ಕೊಡುವ ಮೊದಲು ಒಬ್ಬೊಬ್ಬರನ್ನೂ ಕೇಳುತ್ತೇನೆ: "ನಿಮ್ಮ ಮನೆಯಲ್ಲಿ ಸೂತಕ ಬಂದ್ರೆ ಪೆಟ್ಟಿಗೆ ತೆರೆಯುವವರು ಯಾರು?"

"ಎಂತ ಟೀಚರೇ, ಅಪಶಕುನ ಮಾತಾಡ್ತೀರಿ," ಎಂದು ಕೆಲವರು ನಗುತ್ತಾರೆ.

ಅವರು ಒಂದು ಹೆಸರು ಹೇಳುವವರೆಗೆ, ಮನೆಯ ಹಿರಿಯರು ಅದಕ್ಕೆ ಒಪ್ಪುವವರೆಗೆ, ಸೂಜಿ ನನ್ನ ಕೈಯಲ್ಲೇ ಇರುತ್ತದೆ.