ವಾರಿಜಾಕ್ಷಿಯ ಬೆರಳ ಸಂದು

ಪಂಜ ಊರಿನ ನಮ್ಮ ಮಹಿಳಾ ಹಗ್ಗಜಗ್ಗಾಟ ತಂಡದಲ್ಲಿ ಹಗ್ಗದ ಕೊನೆಯನ್ನು ಹೆಗಲಿಗೇರಿಸಿ ನಿಲ್ಲುವವಳು ವಾರಿಜಾಕ್ಷಿ. ವಯಸ್ಸು ನಲವತ್ತಾರು. ಅವಳು ಕಾಲೂರಿದರೆ ಎದುರಿನ ತಂಡಕ್ಕೆಲ್ಲ ಬೆವರಿಳಿಯುತ್ತದೆ. ಅವಳ ಮುಂದೆ ಹಗ್ಗ ಹಿಡಿಯುವವಳು ನಾನು, ವಸುಮತಿ. ಅವಳ ಬೈಗುಳವೆಲ್ಲ ಮೊದಲು ಬೀಳುವುದು ನನ್ನ ಬೆನ್ನಿಗೆ. ಹಾಗಾಗಿ ಅವಳ ಕಥೆ ಹೇಳುವ ಹಕ್ಕೂ ನನ್ನದೇ.

ಈ ಸಲ ನಾವು ಸುಳ್ಯದ ಫೈನಲಿಗೆ ಬಂದಿದ್ದೆವು, ಆರು ವರ್ಷದಲ್ಲಿ ಮೊದಲ ಬಾರಿ. ಇನ್ನು ಐದೇ ವಾರ. ಸಂಭ್ರಮಕ್ಕೆ ನನಗೆ ಊಟವೂ ಸೇರುತ್ತಿರಲಿಲ್ಲ. ಆಗಲೇ ಒಂದು ಸಂಜೆ ಅಭ್ಯಾಸದ ನಡುವೆ ವಾರಿಜಾಕ್ಷಿ ಹಗ್ಗ ಬಿಟ್ಟಳು. ಕೈ ಬಿಡಿಸಿ ನೋಡಿದರೆ ನಡುಬೆರಳಿಗೂ ಉಂಗುರದ ಬೆರಳಿಗೂ ಮಧ್ಯೆ ಚರ್ಮ ನೆನೆದು ಬೆಳ್ಳಗಾಗಿ ಕಿತ್ತು ಬಂದಿತ್ತು. ಒಳಗೆ ಹಸಿ ಕೆಂಪು.

"ಆಸಿಡ್ ತಾಗಿದ್ದು ಮಾರಾಯ್ತಿ," ಎಂದಳು.

ರಬ್ಬರ್ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಶೀಟ್ ಮಾಡುವ ನಮಗೆ, ಕೈಯಲ್ಲಿ ಏನೇ ಎದ್ದರೂ ಅದು ಆಸಿಡ್. ಆಸಿಡ್ ಎಂದ ಮೇಲೆ ತೊಳೆಯಬೇಕಲ್ಲ. ಅವಳು ದಿನಕ್ಕೆ ಹತ್ತು ಸಲ ತೊಳೆದಳು, ಒದ್ದೆ ಕೈಗೇ ಎಣ್ಣೆ ಹಚ್ಚಿ ರಬ್ಬರ್ ಗ್ಲೌಸ್ ಏರಿಸಿದಳು. ಅಂಗಡಿಯಿಂದ ಯಾವುದೋ ಟ್ಯೂಬ್ ತಂದು ಹಚ್ಚಿದಾಗ ಮೂರು ದಿನ ತುರಿಕೆ ನಿಂತಿತು. ನಾಲ್ಕನೇ ದಿನ ಪಕ್ಕದ ಸಂದಿಗೂ ಹಬ್ಬಿತು. ನನಗೆ ಸಿಟ್ಟು ನೆತ್ತಿಗೇರಿ, ಅವಳನ್ನು ಡಾಕ್ಟರ ಹತ್ತಿರ ಎಳೆದುಕೊಂಡೇ ಹೋದೆ. ಅವಳನ್ನು ಎಳೆದು ಗೆದ್ದವಳು ಈ ತಾಲೂಕಿನಲ್ಲಿ ನಾನೊಬ್ಬಳೇ.

ಡಾಕ್ಟರ್ ಪ್ರೀತಿಕಾ ಆ ಚರ್ಮವನ್ನು ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದರು. "ಇದು ಆಸಿಡ್ ಅಲ್ಲ, ಯೀಸ್ಟ್. ಒಂದು ಜಾತಿಯ ಶಿಲೀಂಧ್ರ. ಅದಕ್ಕೆ ಒದ್ದೆ ಇದ್ದರೆ ಸಾಕು. ನೀವು ಗ್ಲೌಸಿನೊಳಗೆ ಅದನ್ನು ಸಾಕಿದ್ದೀರಿ. ಆ ಟ್ಯೂಬಲ್ಲಿ ಸ್ಟೀರಾಯ್ಡ್ ಉಂಟು. ತುರಿಕೆ ಅಡಗ್ತದೆ, ಯೀಸ್ಟ್ ಬೆಳೀತದೆ." ಆಮೇಲೆ ದನಿ ತಗ್ಗಿಸಿ ಕೇಳಿದರು: "ಕೆಳಗೂ ತುರಿಕೆ ಉಂಟಾ? ಒಡೆದ ಮೊಸರಿನ ಹಾಗೆ ಬಿಳಿ ಹೋಗ್ತದಾ?"

ಇಡೀ ಮೈದಾನಕ್ಕೆ ಕೇಳುವಂತೆ ಕೂಗುವ ವಾರಿಜಾಕ್ಷಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು. ನಾನು ಹೊರಗೆ ಹೋಗಲು ಎದ್ದರೆ ಸೆರಗು ಹಿಡಿದು ಕೂರಿಸಿದಳು.

"ಉಂಟು," ಎಂದಳು. "ಎಂಟು ತಿಂಗಳಾಯ್ತು. ಹೋಗ್ತದೆ, ಪುನಃ ಬರ್ತದೆ. ಇದನ್ನೆಲ್ಲ ಯಾರ ಹತ್ರ ಹೇಳುದು?"

ಎಂಟು ತಿಂಗಳು ಅವಳ ಮುಂದೆಯೇ ನಿಂತು ಹಗ್ಗ ಎಳೆದಿದ್ದೆ. ನನಗೆ ನಾಚಿಕೆಯಾಯಿತು.

ಹೀಗೆ ಮತ್ತೆ ಮತ್ತೆ ಬಂದರೆ ಸಕ್ಕರೆ ನೋಡಲೇಬೇಕು ಎಂದು ಡಾಕ್ಟರ್ ರಕ್ತ ತೆಗೆಸಿದರು. ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದೇ ಅಂದು. ಸಕ್ಕರೆಗೆ ಗುಳಿಗೆ, ಕೆಳಗೂ ಪರೀಕ್ಷೆ ಮಾಡಿ ಒಳಗಿಡುವ ಮಾತ್ರೆ, ಬೆರಳಿಗೆ ದಿನಕ್ಕೆ ಎರಡು ಸಲ ಯೀಸ್ಟ್ ಕೊಲ್ಲುವ ಕ್ರೀಮು. ಕೈ ತೊಳೆದರೆ ಸಂದು ಸಂದೂ ಒರೆಸಬೇಕು. ರಬ್ಬರ್ ಗ್ಲೌಸಿನೊಳಗೆ ಹತ್ತಿಯ ಗ್ಲೌಸ್. ತುರಿಕೆ ನಿಂತರೂ ಹೇಳಿದಷ್ಟು ದಿನ ಔಷಧ ಬಿಡಬಾರದು.

"ಫೈನಲ್?" ಎಂದು ಅವಳು ಕೇಳಿದಳು.

"ಚರ್ಮ ಕೂಡಿದರೆ ಎಳೀರಿ."

ದಿನಾ ಬೆಳಿಗ್ಗೆ ಅವಳ ಮನೆಯ ಗೇಟಿನಲ್ಲಿ ನಿಂತು ನಾನು ಬೆರಳು ಬಿಡಿಸಿ ನೋಡಿದೆ. ಅವಳು ಬೈದಳು, ನಾನೂ ಬೈದೆ. ನಾಲ್ಕನೇ ವಾರ ಸಂದುಗಳ ಚರ್ಮವೆಲ್ಲ ಕೂಡಿತ್ತು. ನಾನು ಗೇಟಿನಲ್ಲೇ ಕುಣಿದೆ, ಸುಳ್ಳು ಯಾಕೆ ಹೇಳಲಿ.

ಫೈನಲಿನಲ್ಲಿ ಎದುರಿಗೆ ಕೊಲ್ಲಮೊಗ್ರಿನವರು, ಅವರೂ ನಮ್ಮ ಹಾಗೆ ರಬ್ಬರ್ ಕೆಲಸದವರೇ. ಒಂದೊಂದು ಸುತ್ತು ಗೆದ್ದು ಸಮವಾಗಿತ್ತು. ಮೂರನೆಯದರಲ್ಲಿ ನಾನು ಜಾರಿದೆ, ಹಿಂದಿನಿಂದ "ಏಳೇ" ಎಂಬ ಗರ್ಜನೆ ಬಂತು, ಹಗ್ಗ ಮಾತ್ರ ಅಲುಗಲಿಲ್ಲ. ಹಿಡಿದಿದ್ದಳು ಅವಳು. ಗೆದ್ದೆವು.

ಕೈಕುಲುಕಲು ಬಂದ ರಮ್ಲತ್ ಆ ತಂಡದಲ್ಲಿ ಕೊನೆಗೆ ನಿಲ್ಲುವವಳು. ಅವಳ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. "ಆಸಿಡ್," ಎಂದು ನಕ್ಕಳು.

ವಾರಿಜಾಕ್ಷಿ ಆ ಕೈಯನ್ನು ಬಿಡಲಿಲ್ಲ. ನಮ್ಮವರು ಗೆದ್ದ ಕಪ್ ಹಿಡಿದು ಅವಳನ್ನು ಫೋಟೋಗೆ ಕೂಗುತ್ತಿದ್ದರು. ಅವಳು ರಮ್ಲತಳ ಕಿವಿಯ ಹತ್ತಿರ ಬಾಗಿ ಏನೋ ಕೇಳಿದಳು. ರಮ್ಲತ್ ನೆಲ ನೋಡಿದಳು. ಆಮೇಲೆ ಮೆಲ್ಲಗೆ ತಲೆಯಾಡಿಸಿದಳು.

"ನನಗೂ ಇತ್ತು," ಎಂದಳು ವಾರಿಜಾಕ್ಷಿ. "ಸೋಮವಾರ ಪಂಜಕ್ಕೆ ಬಾ. ನಾನೇ ಕರ್ಕೊಂಡು ಹೋಗ್ತೇನೆ."

ಕಪ್ ಹಿಡಿದ ಫೋಟೋದಲ್ಲಿ ಅವಳಿಲ್ಲ.